ಅಚ್ಚುಕೂಟಗಳು ಬರೆದಿಟ್ಟ ಉಯಿಲು

1916ರ ಆಗಸ್ಟ್ ತಿಂಗಳ ಕೊನೆಯ ರಾತ್ರಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆಯ ಮೇಲೆ 75 ವರ್ಷದ ವೃದ್ಧನೊಬ್ಬ ತಾನು ಹೊತ್ತು ತಂದಿದ್ದ ಭಾರವನ್ನು ಕೆಳಗಿನ ಥೇಮ್ಸ್ ನದಿಗೆ ಸುರಿದ. ಅದು ಸೀಸದ ಅಚ್ಚುಮೊಳೆಗಳ ರಾಶಿ. ಆ ರಾತ್ರಿಯಿಂದ ಮುಂದಿನ ವರ್ಷದ ಜನವರಿಯವರೆಗೆ ಆತ ಕತ್ತಲಾದ ಮೇಲೆ ನೂರಕ್ಕೂ ಹೆಚ್ಚು ಬಾರಿ ಅದೇ ಸೇತುವೆಗೆ ನಡೆದುಹೋದ. ಕೊನೆಗೆ ಒಂದು ಟನ್ನಿಗೂ ಮೀರಿದ ಅಚ್ಚುಮೊಳೆಗಳು ನದಿಯ ಪಾಲಾದವು. ಆ ವೃದ್ಧನ ಹೆಸರು ಟಿ. ಜೆ. ಕಾಬ್ಡನ್-ಸ್ಯಾಂಡರ್ಸನ್. ವಕೀಲಿ ವೃತ್ತಿ ಬಿಟ್ಟು ಪುಸ್ತಕದ ರಟ್ಟು ಕಟ್ಟುವ ಕಲೆಗೆ ಬಂದವನು. 1900ರಲ್ಲಿ ಡವ್ಸ್ ಪ್ರೆಸ್ ಎಂಬ ಪುಟ್ಟ ಅಚ್ಚುಕೂಟವನ್ನು ಸ್ಥಾಪಿಸಿದ ಇಬ್ಬರಲ್ಲಿ ಒಬ್ಬ.

ಅದೇ 1916ರಲ್ಲಿ ಡವ್ಸ್ ಪ್ರೆಸ್ ತನ್ನ ಕೊನೆಯ ಪುಸ್ತಕವನ್ನು ಹೊರತಂದಿತು. ಹದಿನಾರು ವರ್ಷಗಳಲ್ಲಿ ತಾನು ಅಚ್ಚು ಹಾಕಿದ ಪುಸ್ತಕಗಳ ವಿವರಪಟ್ಟಿಯೇ ಆ ಪುಸ್ತಕ. ಬೈಬಲ್ಲು, ಮಿಲ್ಟನ್ನನ ಕಾವ್ಯಗಳನ್ನು ಅಚ್ಚು ಹಾಕಿದ ಮೊಳೆಗಳಿಂದಲೇ ಆ ಪಟ್ಟಿಯನ್ನೂ ಜೋಡಿಸಲಾಗಿತ್ತು. ಅಚ್ಚುಮೊಳೆಗಳನ್ನು ಥೇಮ್ಸ್ ನದಿಗೆ ಅರ್ಪಿಸಲಾಗಿದೆ ಎಂಬ ಘೋಷಣೆಯೂ ಅದರಲ್ಲಿತ್ತು. ಒಂದು ಅಚ್ಚುಕೂಟ ತನ್ನ ಬದುಕಿನ ಲೆಕ್ಕವನ್ನೂ ತನ್ನ ಸಾವಿನ ಸುದ್ದಿಯನ್ನೂ ತನ್ನದೇ ಅಕ್ಷರಗಳಲ್ಲಿ ಬರೆದಿಟ್ಟು ಕಣ್ಣು ಮುಚ್ಚಿತು.

ಇದು ಒಬ್ಬ ವಿಚಿತ್ರ ಮನುಷ್ಯನ ಕಥೆ ಮಾತ್ರವಲ್ಲ. ಆ ಕಾಲದ ಕಲಾವಿದರು ನಡೆಸಿದ ಅನೇಕ ಅಚ್ಚುಕೂಟಗಳು ಹೀಗೆ ತಮ್ಮ ಕುರಿತೇ ಒಂದು ಪುಸ್ತಕವನ್ನು ಮುದ್ರಿಸಿಟ್ಟು ಮರೆಯಾದವು. ಕೆಲವೇ ನೂರು ಪ್ರತಿಗಳಲ್ಲಿ ಹೊರಬಂದ ಈ ತೆಳು ಪುಸ್ತಕಗಳನ್ನು ಹುಡುಕಿ ಕೂಡಿಡುವ ಸಂಗ್ರಾಹಕರ ಪರಂಪರೆಯೇ ಇದೆ. ಮೇಲ್ನೋಟಕ್ಕೆ ಹಣವಂತರ ಹವ್ಯಾಸದಂತೆ ಕಾಣುವ ಈ ಸಂಗ್ರಹ, ಒಂದು ಕೈಕಸುಬಿನ ನೆನಪನ್ನು ಉಳಿಸಿದ ಬಗೆ ಕುತೂಹಲಕರವಾದದ್ದು.

ಮಾರಿಸ್ ಹಾಕಿದ ತಳಪಾಯ

‘ಖಾಸಗಿ ಮುದ್ರಣಾಲಯ’ ಎಂಬ ಮಾತನ್ನು ಇಲ್ಲಿ ವಿಶೇಷ ಅರ್ಥದಲ್ಲಿ ತಿಳಿಯಬೇಕು. ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕಗಳಿಗಾಗಿ ಗಿರಾಕಿಯ ದಾರಿ ಕಾಯುವ ಅಚ್ಚುಕೂಟ ಅದಲ್ಲ. ಮಾಲೀಕನು ತನಗೆ ಇಷ್ಟವಾದ ಪುಸ್ತಕವನ್ನು, ತಾನೇ ಆರಿಸಿದ ಅಕ್ಷರ, ಕಾಗದ ಮತ್ತು ಶಾಯಿಯಲ್ಲಿ, ತನ್ನ ಮನಸ್ಸಿಗೆ ಒಪ್ಪುವಂತೆ ಮುದ್ರಿಸುವ ಸ್ಥಳ ಅದು. ಲಾಭ ಬಂದರೆ ಒಳ್ಳೆಯದು. ಆದರೆ ಅಚ್ಚುಕೂಟ ಇರುವುದು ಲಾಭಕ್ಕಾಗಿ ಅಲ್ಲ.

ಇಂಥ ಅಚ್ಚುಕೂಟಗಳ ಆಧುನಿಕ ಚರಿತ್ರೆ ಆರಂಭವಾಗುವುದು ವಿಲಿಯಂ ಮಾರಿಸ್‌ನಿಂದ. ಕವಿ, ಚಿತ್ರವಿನ್ಯಾಸಕಾರ, ನೇಯ್ಗೆಯ ಮರ್ಮ ಬಲ್ಲವನು, ಜೊತೆಗೆ ಸಮಾಜವಾದಿ. 1888ರ ನವೆಂಬರಿನಲ್ಲಿ ಆತನ ನೆರೆಯವನೂ ಮಿತ್ರನೂ ಆದ ಎಮರಿ ವಾಕರ್ ಲಂಡನ್ನಿನಲ್ಲಿ ಮುದ್ರಣ ಕಲೆಯ ಬಗ್ಗೆ ಒಂದು ಉಪನ್ಯಾಸ ನೀಡಿದ. ಹದಿನೈದನೆಯ ಶತಮಾನದ ಪುಸ್ತಕಗಳ ಅಕ್ಷರಗಳನ್ನು ಮ್ಯಾಜಿಕ್ ಲಾಂದ್ರದ ಸಹಾಯದಿಂದ ಹಿಗ್ಗಿಸಿ ಗೋಡೆಯ ಮೇಲೆ ತೋರಿಸಿದ. ಯಂತ್ರದ ವೇಗಕ್ಕೆ ಸಿಕ್ಕಿ ಬಡಕಲಾಗಿದ್ದ ಅಂದಿನ ಅಕ್ಷರಗಳ ಎದುರು ಆ ಹಳೆಯ ಅಕ್ಷರಗಳ ತುಂಬು ಮೈಕಟ್ಟು ಮಾರಿಸ್‌ನ ಕಣ್ಣಿಗೆ ಕಟ್ಟಿತು. 1891ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಆರಂಭವಾಯಿತು. ಮಾರಿಸ್ ರಚಿಸಿದ ಅಕ್ಷರಗಳನ್ನು ಉಕ್ಕಿನಲ್ಲಿ ಕೊರೆದವನು ಎಡ್ವರ್ಡ್ ಪ್ರಿನ್ಸ್ ಎಂಬ ಕುಶಲಕರ್ಮಿ. ಕೈಯಿಂದ ಮಾಡಿದ ಕಾಗದ ಕೆಂಟ್ ಪ್ರಾಂತ್ಯದಿಂದ ಬಂತು. ತನಗೆ ಒಪ್ಪುವ ಶಾಯಿಯನ್ನು ಮಾರಿಸ್ ಜರ್ಮನಿಯ ಹ್ಯಾನೋವರ್‌ನಿಂದ ತರಿಸಿಕೊಳ್ಳಬೇಕಾಯಿತು.

ಪ್ರತಿಗಳ ಸಂಖ್ಯೆಗೆ ಮಿತಿ ಬಿದ್ದದ್ದು ಹೇಗೆಂಬುದಕ್ಕೆ ಕೆಲ್ಮ್‌ಸ್ಕಾಟ್‌ನ ಮೊದಲ ಪುಸ್ತಕವೇ ಉತ್ತರ ಹೇಳುತ್ತದೆ. ಮಾರಿಸ್ ತನ್ನದೇ ಒಂದು ಕಥೆಯನ್ನು ಗೆಳೆಯರಿಗೆ ಹಂಚಲೆಂದು ಕೇವಲ 20 ಪ್ರತಿ ಅಚ್ಚು ಹಾಕಬೇಕೆಂದಿದ್ದ. ಸುದ್ದಿ ಪತ್ರಿಕೆಗಳಿಗೆ ಮುಟ್ಟಿ ಬೇಡಿಕೆ ಬಂದಾಗ ಕಾಗದದ ಪ್ರತಿಗಳ ಸಂಖ್ಯೆ 200ಕ್ಕೆ ಏರಿತು. ಕೈಯಿಂದ ನಡೆಸುವ ಮುದ್ರಣಯಂತ್ರದಲ್ಲಿ ಒದ್ದೆ ಮಾಡಿದ ಕಾಗದದ ಮೇಲೆ ಒಂದೊಂದೇ ಹಾಳೆಯನ್ನು ಒತ್ತಬೇಕು. ಒಂದು ಭಾಗ ಅಚ್ಚಾದ ಕೂಡಲೇ ಮೊಳೆಗಳನ್ನು ಬಿಡಿಸಿ ಕೇಸುಗಳಿಗೆ ತುಂಬಿ, ಮುಂದಿನ ಪುಟಗಳನ್ನು ಜೋಡಿಸಬೇಕು. ಆಮೇಲೆ ಇನ್ನಷ್ಟು ಪ್ರತಿ ಬೇಕೆಂದರೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಐನೂರೈವತ್ತಕ್ಕೂ ಹೆಚ್ಚು ಪುಟಗಳ, ಬರ್ನ್-ಜೋನ್ಸ್‌ನ 87 ಚಿತ್ರಗಳಿರುವ ಚಾಸರ್ ಕವಿಯ ಸಮಗ್ರ ಕೃತಿಯ ಮುದ್ರಣಕ್ಕೆ 1894ರ ಆಗಸ್ಟಿನಿಂದ 1896ರ ಮೇ ತಿಂಗಳವರೆಗೆ ಕಾಲ ಹಿಡಿಯಿತು. ಅದರ ಪ್ರತಿಗಳು ಕಾಗದದ ಮೇಲೆ 425. ವೆಲ್ಲಮ್ ಎಂದು ಕರೆಯುವ, ಹದಗೊಳಿಸಿದ ಕರುವಿನ ತೊಗಲಿನ ಮೇಲೆ 13. ಮಿತಿಯೆಂಬುದು ಮೊದಲಿಗೆ ಕೈಗೆ, ಕಾಲಕ್ಕೆ ಸಂಬಂಧಿಸಿದ್ದಾಗಿತ್ತು.

ಆದರೆ ಅದೇ ಮಿತಿ ಬೆಲೆಯನ್ನೂ ಏರಿಸಿತು. ಚಾಸರ್ ಕೃತಿಯ ಕಾಗದದ ಪ್ರತಿಗೆ 20 ಪೌಂಡ್. ದುಡಿಯುವ ಜನಕ್ಕೂ ಸುಂದರ ವಸ್ತುಗಳು ಸಿಗಬೇಕೆಂದು ವೇದಿಕೆಗಳಲ್ಲಿ ವಾದಿಸುತ್ತಿದ್ದ ಮಾರಿಸ್, ಅವರಾರೂ ಕೊಳ್ಳಲಾಗದ ಪುಸ್ತಕಗಳನ್ನು ತಯಾರಿಸುತ್ತಿದ್ದಾನೆಂಬ ಟೀಕೆ ಆಗಲೂ ಇತ್ತು, ಇಂದಿಗೂ ಇದೆ. ಒಳ್ಳೆಯ ಕಾಗದ, ಒಳ್ಳೆಯ ಕೆಲಸ, ಕೆಲಸಗಾರನಿಗೆ ನ್ಯಾಯವಾದ ಕೂಲಿ ಇವು ಸೇರಿದರೆ ಅಗ್ಗದ ಪುಸ್ತಕ ಆಗುವುದಿಲ್ಲ ಎಂಬ ಕಟುಸತ್ಯವನ್ನು ಆತನ ಅಚ್ಚುಕೂಟ ಎತ್ತಿ ತೋರಿಸಿತು. ಈ ವೈರುಧ್ಯಕ್ಕೆ ಉತ್ತರ ಮಾರಿಸ್‌ನಲ್ಲಿ ಇರಲಿಲ್ಲ.

ಹತ್ತು ಶಿಲಿಂಗಿನ ಪುಸ್ತಕ

1896ರ ಅಕ್ಟೋಬರಿನಲ್ಲಿ ಮಾರಿಸ್ ತೀರಿಕೊಂಡ. ಬಾಕಿ ಕೆಲಸ ಮುಗಿಸಿ 1898ರ ಮಾರ್ಚಿನಲ್ಲಿ ಅಚ್ಚುಕೂಟದ ಬಾಗಿಲು ಹಾಕುವ ಮುನ್ನ, ಅದರ ಕಾರ್ಯದರ್ಶಿ ಸಿಡ್ನಿ ಕಾಕರೆಲ್ ಒಂದು ಕೊನೆಯ ಪುಸ್ತಕ ಸಿದ್ಧಪಡಿಸಿದ. ಅಚ್ಚುಕೂಟ ಸ್ಥಾಪಿಸಿದ ಉದ್ದೇಶವನ್ನು ಕುರಿತು ಮಾರಿಸ್ ಬರೆದಿದ್ದ ಕಿರುಬರಹ, ಕಾಕರೆಲ್ ಬರೆದ ಅಚ್ಚುಕೂಟದ ಚರಿತ್ರೆ, ಒಟ್ಟು 53 ಕೃತಿಗಳ ಸವಿವರ ಪಟ್ಟಿ ಇವಿಷ್ಟೂ ಅದರಲ್ಲಿವೆ. ಯಾವ ಪುಸ್ತಕ ಯಾವ ಅಕ್ಷರದಲ್ಲಿ, ಎಷ್ಟು ಪ್ರತಿ, ಎಂದು ಮುಗಿಯಿತು, ಬೆಲೆ ಎಷ್ಟು ಎಂಬ ಲೆಕ್ಕ ಅಲ್ಲಿದೆ. ಮೊದಲಿಗೆ ಕಂಪೋಸಿಟರ್ ಆಗಿ ಬಂದ ಬೌಡನ್, ಉಕ್ಕಿನಲ್ಲಿ ಅಕ್ಷರ ಕೊರೆದ ಪ್ರಿನ್ಸ್ ಮುಂತಾದವರ ಹೆಸರುಗಳೂ ಅಲ್ಲಿವೆ. ಮಾರಿಸ್‌ನ ‘ಗೋಲ್ಡನ್’ ಅಕ್ಷರದಲ್ಲಿ ಅಚ್ಚಾದ ಈ ಪುಸ್ತಕದ ಐದು ಪುಟಗಳನ್ನು ಉಳಿದೆರಡು ಅಕ್ಷರಗಳಾದ ‘ಟ್ರಾಯ್’ ಮತ್ತು ‘ಚಾಸರ್’ಗಳಲ್ಲಿ ಮುದ್ರಿಸಲಾಗಿದೆ. ಹೀಗಾಗಿ ಅಚ್ಚುಕೂಟದ ಮೂರೂ ಅಕ್ಷರಗಳು ಒಂದೇ ಕಡೆ ಸಿಗುತ್ತವೆ.

ಕಾಗದದ ಮೇಲೆ 525 ಪ್ರತಿ, ವೆಲ್ಲಮ್ ಮೇಲೆ 12. ಕಾಗದದ ಪ್ರತಿಯ ಬೆಲೆ 10 ಶಿಲಿಂಗ್. ಅಂದರೆ ಚಾಸರ್ ಕೃತಿಯ ಬೆಲೆಯ ನಲವತ್ತನೆಯ ಒಂದು ಭಾಗ. ಕೆಲ್ಮ್‌ಸ್ಕಾಟ್‌ನ ದೊಡ್ಡ ಪುಸ್ತಕಗಳನ್ನು ಕನಸಿನಲ್ಲಷ್ಟೇ ಕೊಳ್ಳಬಲ್ಲ ಓದುಗನಿಗೂ ಅದೇ ಕಾಗದ, ಅದೇ ಶಾಯಿ, ಅದೇ ಅಕ್ಷರಗಳ ಒಂದು ತುಣುಕು ದಕ್ಕುವಂತಾಯಿತು. ಅಚ್ಚುಕೂಟಗಳ ಕುರಿತ ಪುಸ್ತಕಗಳ ಸಂಗ್ರಹಕ್ಕೆ ಇದೊಂದು ಮೂಲ ಪ್ರೇರಣೆ. ಅಚ್ಚುಕೂಟದ ಪುಸ್ತಕ ಕೊಳ್ಳಲಾಗದವನು ಅದರ ಕುರಿತ ಪುಸ್ತಕವನ್ನು ಕೊಂಡ. ಕೊಂಡ ಮೇಲೆ ಆತನ ಕೈಯಲ್ಲಿ ಉಳಿದದ್ದು ವಸ್ತುವೂ ಹೌದು, ಅದನ್ನು ಮಾಡುವ ಬಗೆಯ ವಿವರಣೆಯೂ ಹೌದು.

ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಬರೆದು ಮುಗಿಸಿದ ತಿಥಿಗಳನ್ನು ದಾಖಲಿಸುತ್ತಿದ್ದುದನ್ನು ಬಲ್ಲವರಿಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಅಲ್ಲಿ ನಾಲ್ಕು ಸಾಲಿನಲ್ಲಿದ್ದ ಮಾತು ಇಲ್ಲಿ ಇಡೀ ಪುಸ್ತಕವಾಗಿ ಬೆಳೆದಿದೆ.

ಅಚ್ಚುಕೂಟ ಮುಚ್ಚಿದ ಮೇಲೆ ಅದರ ಅಕ್ಷರಗಳ, ಚಿತ್ರಗಳ ಗತಿಯೇನು ಎಂಬ ಪ್ರಶ್ನೆಯೂ ಆಗಲೇ ಎದ್ದಿತು. ಕೆಲ್ಮ್‌ಸ್ಕಾಟ್‌ನ ಮರದಚ್ಚುಗಳನ್ನು ನೂರು ವರ್ಷ ಯಾರೂ ಬಳಸಿ ಮುದ್ರಿಸಬಾರದೆಂಬ ಷರತ್ತಿನೊಂದಿಗೆ ಬ್ರಿಟಿಷ್ ಮ್ಯೂಸಿಯಂಗೆ ಒಪ್ಪಿಸಲಾಯಿತು. ಮುಂದಿನವರು ಇನ್ನೂ ಕಠಿಣವಾದ ದಾರಿ ಹಿಡಿದರು. 1896ರಲ್ಲಿ ವೇಲ್ ಪ್ರೆಸ್ ಆರಂಭಿಸಿದ ಚಿತ್ರಕಾರ ಚಾರ್ಲ್ಸ್ ರಿಕೆಟ್ಸ್ 1904ರಲ್ಲಿ ಅದರ ಗ್ರಂಥಸೂಚಿಯನ್ನು ಪ್ರಕಟಿಸಿ ವಿದಾಯ ಹೇಳಿದ. ತನ್ನ ಅಕ್ಷರಗಳು ಬೇರೆಯವರ ಕೈಗೆ ಸಿಕ್ಕಿ, ಗೊತ್ತುಗುರಿಯಿಲ್ಲದ ಬಳಕೆಯಿಂದ ಸವಕಲಾಗುವುದು ಬೇಡ ಎಂದು ಅವುಗಳನ್ನು ಥೇಮ್ಸ್‌ಗೆ ಹಾಕಿಸಿದ. ಫ್ರೆಂಚ್ ಚಿತ್ರಕಾರ ಕಮೀಲ್ ಪಿಸಾರೊನ ಮಗ ಲೂಸಿಯನ್ ಮತ್ತು ಆತನ ಪತ್ನಿ ಎಸ್ತರ್ ಹ್ಯಾಮರ್‌ಸ್ಮಿತ್‌ನಲ್ಲಿ ನಡೆಸುತ್ತಿದ್ದ ಎರನ್ಯಿ ಪ್ರೆಸ್ ಮೊದಲು ರಿಕೆಟ್ಸ್‌ನ ಅಕ್ಷರಗಳನ್ನೇ ಬಳಸುತ್ತಿತ್ತು. ವೇಲ್ ಮುಚ್ಚಿದ್ದರಿಂದ ಲೂಸಿಯನ್ ‘ಬ್ರೂಕ್’ ಎಂಬ ಹೊಸ ಅಕ್ಷರ ರಚಿಸಿದ. ಅದರಲ್ಲಿ ಅಚ್ಚಾದ ಮೊದಲ ಪುಸ್ತಕ ಎರನ್ಯಿ ಪ್ರೆಸ್ಸಿನ ಹುಟ್ಟಿನ ಕಥೆಯೇ. ಟಿ. ಸ್ಟರ್ಜ್ ಮೂರ್ ಬರೆದ, 1903ರ ಈ ಪುಸ್ತಕದ ಪ್ರತಿಗಳು ಇನ್ನೂರೈವತ್ತಕ್ಕೂ ಕಡಿಮೆ. ಗಂಡನ ಮರಣಾನಂತರ, 1947ರಲ್ಲಿ, ಎಸ್ತರ್ ಆ ಅಕ್ಷರದ ಮೂಲ ಅಚ್ಚುಗಳನ್ನು ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮುಳುಗಿಸಿದರು.

ಕುಮಾರಸ್ವಾಮಿ ಅವರ ಕೈಗೆ ಬಂದ ಯಂತ್ರ

ಕೆಲ್ಮ್‌ಸ್ಕಾಟ್‌ನ ಅಕ್ಷರಗಳು ಬೀಗದೊಳಗೆ ಹೋದರೂ ಅದರ ಮುದ್ರಣಯಂತ್ರಗಳು ನಿಲ್ಲಲಿಲ್ಲ. ವಾಸ್ತುಶಿಲ್ಪಿ ಸಿ. ಆರ್. ಆಶ್ಬೀ 1898ರಲ್ಲಿ ಅವುಗಳನ್ನು ಕೊಂಡು ಎಸೆಕ್ಸ್ ಹೌಸ್ ಪ್ರೆಸ್ ಆರಂಭಿಸಿದ. ಕುಶಲಕರ್ಮಿಗಳ ಸಂಘವೊಂದನ್ನು ಕಟ್ಟಿದ್ದ ಆತ 1902ರಲ್ಲಿ ಸಂಘವನ್ನೂ ಅಚ್ಚುಕೂಟವನ್ನೂ ಲಂಡನ್ನಿನಿಂದ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಹಳ್ಳಿಯ ಪರಿಸರಕ್ಕೆ ಒಯ್ದ. ಕೆಲವೇ ವರ್ಷಗಳಲ್ಲಿ ಸಂಘ ಸಾಲಕ್ಕೆ ಸಿಲುಕಿ ಮುರಿದುಬಿತ್ತು. ಆಗ ಅಚ್ಚುಕೂಟಕ್ಕೆ ಆಸರೆಯಾದವರು ಆನಂದ ಕುಮಾರಸ್ವಾಮಿ.

1877ರಲ್ಲಿ ಕೊಲಂಬೊದಲ್ಲಿ ಜನಿಸಿದ ಕುಮಾರಸ್ವಾಮಿ ಅವರು ಭೂವಿಜ್ಞಾನಿಯಾಗಿ ಸಿಂಹಳದ ಖನಿಜ ಸಮೀಕ್ಷೆಯಲ್ಲಿ ದುಡಿಯುತ್ತಿದ್ದಾಗ ಹಳ್ಳಿಹಳ್ಳಿಗಳಲ್ಲಿ ಕಂಡದ್ದು ಅಳಿಯುತ್ತಿರುವ ಕಸುಬುಗಳನ್ನು. ಅಕ್ಕಸಾಲಿಗರು, ದಂತ ಕೆತ್ತುವವರು, ಕುಂಬಾರರು, ನೇಕಾರರು ಇವರ ವಿದ್ಯೆ ವಸಾಹತು ಆಡಳಿತ ಮತ್ತು ಯಂತ್ರದ ಸರಕಿನ ಎದುರು ಕುಸಿಯುತ್ತಿತ್ತು. 1907ರಲ್ಲಿ ಇಂಗ್ಲೆಂಡಿಗೆ ಮರಳಿದ ಅವರು ಬ್ರಾಡ್ ಕ್ಯಾಂಪ್ಡನ್‌ನಲ್ಲಿ, ಆಶ್ಬೀ ಜೀರ್ಣೋದ್ಧಾರ ಮಾಡಿದ್ದ ‘ನಾರ್ಮನ್ ಚಾಪೆಲ್’ ಎಂಬ ಹಳೆಯ ಕಟ್ಟಡದಲ್ಲಿ ನೆಲೆಸಿದರು. ಅಚ್ಚುಕೂಟವನ್ನು ಅಲ್ಲಿಗೇ ತರಿಸಿಕೊಂಡು, ಮಧ್ಯಯುಗದ ಸಿಂಹಳ ಕಲೆಯನ್ನು ಕುರಿತ ತಮ್ಮ ಬೃಹತ್ ಗ್ರಂಥವನ್ನು ಸ್ವತಃ ನಿಂತು ಮುದ್ರಿಸಿದರು. ಪತ್ನಿ ಎಥೆಲ್ ತೆಗೆದ ಛಾಯಾಚಿತ್ರಗಳು ಅದರಲ್ಲಿವೆ. ಹದಿನೈದು ತಿಂಗಳ ಕೆಲಸದ ನಂತರ 1908ರ ಡಿಸೆಂಬರಿನಲ್ಲಿ ಅದು ಮುಗಿಯಿತು. ಪ್ರತಿಗಳು 425. ಮಾರಿಸ್ ಚಾಸರ್ ಕೃತಿಯನ್ನು ಮುದ್ರಿಸಿದ್ದ ಯಂತ್ರದಲ್ಲೇ ಇದನ್ನು ಅಚ್ಚು ಹಾಕಲಾಯಿತೆಂದು ಪುಸ್ತಕದ ಮುದ್ರಣವಿವರ ಹೇಳುತ್ತದೆ. ಕೈಕಸುಬಿನ ನಾಶವನ್ನು ಕುರಿತು ದುಃಖಿಸುವ ಪುಸ್ತಕವೊಂದು ಕೈಕಸುಬಿನಿಂದಲೇ ರೂಪುಗೊಂಡಿತು. 1956ರಲ್ಲಿ ಅದರ ಎರಡನೆಯ ಮುದ್ರಣ ಬಂದ ಮೇಲೆ ವಿದ್ಯಾರ್ಥಿಗಳಿಗೆ ಪಾಠ ಸುಲಭವಾಗಿ ದೊರೆಯಿತು. ಮಾತಿಗೂ ಮುದ್ರಣಕ್ಕೂ ಇರುವ ಈ ನಂಟು ಮಾತ್ರ ಮೊದಲ 425 ಪ್ರತಿಗಳಲ್ಲೇ ಉಳಿದಿದೆ.

ಮರುವರ್ಷ, 1909ರಲ್ಲಿ, ಅದೇ ಅಚ್ಚುಕೂಟದಿಂದ ಆಶ್ಬೀಯ ಪುಸ್ತಕ ಬಂತು. ಖಾಸಗಿ ಮುದ್ರಣಾಲಯವೆಂಬುದು ಆದರ್ಶವಾದದ ಒಂದು ಪ್ರಯೋಗ ಎಂದು ನೋಡುವ ಆ ಪುಸ್ತಕದ ಕೊನೆಗೆ ಎಸೆಕ್ಸ್ ಹೌಸ್‌ನ ಗ್ರಂಥಸೂಚಿಯಿದೆ. ಪ್ರತಿಗಳು 125 ಮಾತ್ರ. ಸೋತ ಪ್ರಯೋಗದ ಕುರಿತು ಸೋತವನೇ ಬರೆದದ್ದರಿಂದ ಅದಕ್ಕೆ ಬೇರೆಯದೇ ಬೆಲೆಯಿದೆ.

ಐರ್ಲೆಂಡಿನ ಮಾದರಿ ಇನ್ನೊಂದು ಬಗೆಯದು. ಕವಿ ಡಬ್ಲ್ಯು. ಬಿ. ಯೇಟ್ಸ್‌ನ ಸೋದರಿ ಎಲಿಜಬೆತ್ ಯೇಟ್ಸ್ ಡಬ್ಲಿನ್ ಬಳಿ ಮೊದಲು ಡನ್ ಎಮರ್, 1908ರಿಂದ ಕ್ವಾಲ ಎಂಬ ಹೆಸರಿನಲ್ಲಿ ನಡೆಸಿದ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು, ಯಂತ್ರ ಒತ್ತುತ್ತಿದ್ದವರು ಸ್ಥಳೀಯ ತರುಣಿಯರು. ಅಲ್ಲಿನ ಅಕ್ಷರ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ‘ಕ್ಯಾಸ್ಲನ್’. ನದಿಗೆಸೆಯುವಂಥ ಗುಟ್ಟೇನೂ ಇರಲಿಲ್ಲ. ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕದ ಇಂಗ್ಲಿಷ್ ಅನುವಾದ 1914ರಲ್ಲಿ ಪುಸ್ತಕವಾಗಿ ಬಂದದ್ದು ಈ ಹೆಣ್ಣುಮಕ್ಕಳ ಕೈಯಿಂದ, 400 ಪ್ರತಿಗಳಲ್ಲಿ. ಕ್ವಾಲದ ಪುಸ್ತಕ, ಕರಪತ್ರಗಳ ಸಂಪೂರ್ಣ ಪಟ್ಟಿಯನ್ನು ವಿಲಿಯಂ ಮ್ಯಾಕ್ಸ್‌ವೆಲ್ 1932ರಲ್ಲಿ ಖಾಸಗಿಯಾಗಿ ಮುದ್ರಿಸಿದಾಗ ಅದರ ಪ್ರತಿಗಳು ಕೇವಲ 30. ಪುಸ್ತಕಗಳಿಗಿಂತ ಪುಸ್ತಕಗಳ ಪಟ್ಟಿಯೇ ದುರ್ಲಭವಾಯಿತು.

ಮಿತಿಯೇ ಸರಕಾದಾಗ

ಮೊದಲ ಮಹಾಯುದ್ಧದ ನಂತರ ‘ಸೀಮಿತ ಪ್ರತಿ’ ಎಂಬುದು ಮಾರುಕಟ್ಟೆಯ ಮಂತ್ರವಾಯಿತು. ಬೆಲೆ ಏರುತ್ತದೆಂಬ ನಂಬಿಕೆಯಿಂದ ಪುಸ್ತಕ ಕೊಂಡು, ಹಾಳೆಗಳನ್ನು ಬಿಡಿಸದೆ ಹಾಗೆಯೇ ಇಡುವವರು ಹೆಚ್ಚಿದರು. ಕಲಾವಿದ ರಾಬರ್ಟ್ ಗಿಬಿಂಗ್ಸ್ 1924ರಲ್ಲಿ ಕೊಂಡ ಗೋಲ್ಡನ್ ಕಾಕರೆಲ್ ಪ್ರೆಸ್ ಆ ಕಾಲದಲ್ಲಿ ಮೆರೆಯಿತು. ಎರಿಕ್ ಗಿಲ್‌ನ ಅಕ್ಷರ ಮತ್ತು ಮರಗೆತ್ತನೆಯ ಚಿತ್ರಗಳಿರುವ ಅದರ ನಾಲ್ಕು ಸುವಾರ್ತೆಗಳ ಸಂಪುಟ 1931ರಲ್ಲಿ 500 ಪ್ರತಿಗಳಲ್ಲಿ ಬಂತು. ಅಷ್ಟರಲ್ಲಿ ಜಗತ್ತಿನ ಆರ್ಥಿಕ ಕುಸಿತದಿಂದ ಕೊಳ್ಳುವವರು ಮಾಯವಾಗಿದ್ದರು. 1933ರಲ್ಲಿ ಗಿಬಿಂಗ್ಸ್ ಅಚ್ಚುಕೂಟವನ್ನು ಮಾರಿದ. ಹೊಸ ಮಾಲೀಕರು 1936ರಲ್ಲಿ ‘ಚಾಂಟಿಕ್ಲಿಯರ್’ ಎಂಬ ಗ್ರಂಥಸೂಚಿ ತಂದರು. ಸಹಿ ಮಾಡಿದ 300 ವಿಶೇಷ ಪ್ರತಿಗಳ ಜೊತೆಗೆ ಸಾಮಾನ್ಯ ಆವೃತ್ತಿಯೂ ಅದಕ್ಕಿತ್ತು. ಮಾಹಿತಿ ಬೇಕಾದವರಿಗೆ ಒಂದು, ವಸ್ತು ಬೇಕಾದವರಿಗೆ ಒಂದು ಎಂಬ ಈ ಏರ್ಪಾಡು ಜಾಣತನದ್ದೇ.

ಆದ್ದರಿಂದ ಬಲ್ಲ ಸಂಗ್ರಾಹಕನು ಪ್ರತಿಯ ಸಂಖ್ಯೆಯನ್ನು ನೋಡಿ ಮರುಳಾಗುವುದಿಲ್ಲ. ಕೊನೆಯ ಪುಟದ ಮುದ್ರಣವಿವರವನ್ನು ಮೊದಲು ಓದುತ್ತಾನೆ. ಆ ಪುಸ್ತಕ ಅಚ್ಚುಕೂಟದ್ದೇ ಅಕ್ಷರದಲ್ಲಿ, ಅದೇ ಕಾಗದದಲ್ಲಿ ಅಚ್ಚಾಗಿದೆಯೇ, ಜೋಡಿಸಿದವರ ಹೆಸರಿದೆಯೇ, ಮಾದರಿ ಹಾಳೆಗಳು ಜೊತೆಗಿವೆಯೇ ಎಂದು ನೋಡುತ್ತಾನೆ. ಪುಸ್ತಕ ಹೊರಬರುವ ಮುನ್ನ ಚಂದಾದಾರರಿಗೆ ಕಳಿಸಿದ ಪ್ರಕಟಣಾ ಪತ್ರಗಳನ್ನೂ ಕೂಡಿಡುತ್ತಾನೆ. ಬೆಲೆ, ತಡ, ಬದಲಾದ ಯೋಜನೆಗಳ ನಿಜಸ್ಥಿತಿ ಹಲವು ಸಲ ಸಿಗುವುದು ಆ ಬಿಡಿಹಾಳೆಗಳಲ್ಲಿ. ವಿಲಿಯಂ ಪೀಟರ್ಸನ್ 1984ರಲ್ಲಿ ಪ್ರಕಟಿಸಿದ ಕೆಲ್ಮ್‌ಸ್ಕಾಟ್ ಗ್ರಂಥಸೂಚಿ, ಮೇರಿಯಾನ್ ಟಿಡ್‌ಕಂ 2002ರಲ್ಲಿ ಬರೆದ ಡವ್ಸ್ ಪ್ರೆಸ್ ಚರಿತ್ರೆಗಳಂಥ ಪರಿಶ್ರಮದ ಅಧ್ಯಯನಗಳು ನಿಂತಿರುವುದು ಹೀಗೆ ಯಾರೋ ಜೋಪಾನ ಮಾಡಿದ ಕಾಗದಗಳ ಮೇಲೆ. ಇಂದು ಹಳೆಯ ಪುಸ್ತಕಗಳಲ್ಲಿ ಹಲವನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆಯಾಗಿ ಓದಬಹುದು. ಆದರೆ ಮೊಳೆ ಕಾಗದವನ್ನು ಎಷ್ಟು ಆಳಕ್ಕೆ ಒತ್ತಿದೆ ಎಂಬುದು ಬೆರಳಿಗೆ ಮಾತ್ರ ತಿಳಿಯುವ ವಿಷಯ.

ನದಿಯಿಂದ ಮರಳಿದ ಅಕ್ಷರ

ಮತ್ತೆ ಡವ್ಸ್ ಪ್ರೆಸ್ಸಿಗೆ ಬರಬೇಕು. ಅದರ ಅಕ್ಷರಗಳು ಕಾಬ್ಡನ್-ಸ್ಯಾಂಡರ್ಸನ್ ಒಬ್ಬನ ಸ್ವತ್ತಾಗಿರಲಿಲ್ಲ. ಮಾರಿಸ್‌ನ ಕಣ್ಣು ತೆರೆಸಿದ ಎಮರಿ ವಾಕರನೇ ಅಲ್ಲಿ ಪಾಲುದಾರ. ವೆನಿಸ್ಸಿನ ನಿಕೊಲಸ್ ಜೆನ್ಸನ್ 1470ರ ದಶಕದಲ್ಲಿ ಬಳಸಿದ ಅಕ್ಷರಗಳ ಆಧಾರದ ಮೇಲೆ ಡವ್ಸ್ ಅಕ್ಷರ ರೂಪುಗೊಂಡಿತ್ತು. ಅದನ್ನು ಉಕ್ಕಿನಲ್ಲಿ ಕೊರೆದವನೂ ಎಡ್ವರ್ಡ್ ಪ್ರಿನ್ಸನೇ. ಪಾಲುದಾರರು ಜಗಳವಾಡಿ ಬೇರ್ಪಟ್ಟಾಗ, ಕಾಬ್ಡನ್-ಸ್ಯಾಂಡರ್ಸನ್ ಬದುಕಿರುವವರೆಗೆ ಅಕ್ಷರ ಆತನ ಬಳಕೆಗೆ, ಆಮೇಲೆ ವಾಕರನಿಗೆ ಎಂದು ಒಪ್ಪಂದವಾಗಿತ್ತು. ತಾನು ಸತ್ತ ಮೇಲೆ ಅವು ಯಂತ್ರ ಮುದ್ರಣಕ್ಕೆ ಬಳಕೆಯಾಗಬಹುದೆಂಬ ಕಲ್ಪನೆಯನ್ನೇ ಆತ ಸಹಿಸಲಿಲ್ಲ. ಪರಿಶುದ್ಧತೆಯ ಹೆಸರಿನಲ್ಲಿ ನಡೆದದ್ದು ಗೆಳೆಯನಿಗೆ ಮಾಡಿದ ಅನ್ಯಾಯವೂ ಆಗಿತ್ತು. ಮೊಳೆ ಕೊರೆದ ಕುಶಲಕರ್ಮಿಯ ಶ್ರಮವೂ ಅದರೊಂದಿಗೆ ಮುಳುಗಿತು. 1922ರಲ್ಲಿ ಕಾಬ್ಡನ್-ಸ್ಯಾಂಡರ್ಸನ್ ತೀರಿಕೊಂಡ ಬಳಿಕ ವಾಕರನಿಗೆ ಪರಿಹಾರದ ಹಣ ತೆರಬೇಕಾದದ್ದು ಆತನ ವಿಧವೆ.

ಸುಮಾರು ಒಂದು ಶತಮಾನದ ನಂತರ ರಾಬರ್ಟ್ ಗ್ರೀನ್ ಎಂಬ ವಿನ್ಯಾಸಕಾರರು ಡವ್ಸ್ ಅಕ್ಷರವನ್ನು ಕಂಪ್ಯೂಟರಿಗೆ ಹೊಂದುವಂತೆ ಮರಳಿ ರಚಿಸಲು ಹೊರಟರು. ಅವರಿಗೆ ಸಿಕ್ಕ ಆಧಾರ ಡವ್ಸ್ ಪ್ರೆಸ್ಸಿನ ಮುದ್ರಿತ ಹಾಳೆಗಳು ಮಾತ್ರ. ಆ ಹಾಳೆಗಳಿಂದಲೇ ಒಂದೊಂದು ಅಕ್ಷರದ ರೂಪವನ್ನು ಎತ್ತಿಕೊಂಡು, 2013ರಲ್ಲಿ ಹೊಸ ಡವ್ಸ್ ಅಕ್ಷರವನ್ನು ಹೊರತಂದರು. 2014ರಲ್ಲಿ ಮುಳುಗುಗಾರರ ನೆರವಿನಿಂದ ಹ್ಯಾಮರ್‌ಸ್ಮಿತ್ ಸೇತುವೆಯ ಕೆಳಗೆ ಹುಡುಕಿಸಿದಾಗ ಕೆಸರಿನಿಂದ ಸಿಕ್ಕಿದ್ದು ಸುಮಾರು 150 ಮೊಳೆಗಳು.

ಒಂದು ಟನ್ನಿಗೂ ಮೀರಿದ ಲೋಹದಲ್ಲಿ ನದಿ ಹಿಂದಿರುಗಿಸಿದ್ದು ಒಂದು ಬೊಗಸೆಯಷ್ಟು. ಅಕ್ಷರಮಾಲೆ ಉಳಿದದ್ದು ಗ್ರಂಥಾಲಯಗಳಲ್ಲಿ, ಸಂಗ್ರಾಹಕರ ಕಪಾಟುಗಳಲ್ಲಿ ಕಾಗದದ ಮೇಲೆ. ಯಾರಿಗೂ ಸಿಗಬಾರದೆಂದು ಕಾಬ್ಡನ್-ಸ್ಯಾಂಡರ್ಸನ್ ಮುಳುಗಿಸಿದ ಅಕ್ಷರವನ್ನು ಇಂದು ಯಾವ ಊರಿನ ಯಾವ ವಿದ್ಯಾರ್ಥಿಯಾದರೂ ತನ್ನ ಕಂಪ್ಯೂಟರಿನಲ್ಲಿ ಬಳಸಬಹುದು. ಅದಕ್ಕೆ ಆಧಾರವಾದದ್ದು ಆತನೇ ಜೋಪಾನವಾಗಿ ಒತ್ತಿಟ್ಟ ಪುಟಗಳು.